ಮಗಳ ಕೈಮಾತು

ಅಡುಗೆಮನೆಯಲ್ಲಿ ಫ್ರಿಜ್ಜಿಗೂ ಕಿಟಕಿಗೂ ನಡುವೆ ತುರುಕಿದ ಮೇಜೇ ಅವಳ ಆಫೀಸು. ಹೆಡ್‌ಫೋನ್ ಸಿಕ್ಕಿಸಿಕೊಂಡು ವಿಮಾ ಕಂಪನಿಯ ಗಿರಾಕಿಗಳ ದೂರು ಕೇಳುವುದು ಕೆಲಸ. ಮನೆಯ ಸದ್ದು ಕರೆಯಲ್ಲಿ ಕೇಳಿಸಿದರೆ ಮೇಲ್ವಿಚಾರಕ ಕೆಂಡ ಕಾರುತ್ತಾನೆ. ಹಾಗಾಗಿ ಕುಕ್ಕರ್ ಕೂಗುವಂತಿಲ್ಲ, ಅತ್ತೆ ಕೆಮ್ಮುವಂತಿಲ್ಲ. 'ಮನೇಲಿ ಕೂತು ಕೆಲಸ, ಎಷ್ಟು ಆರಾಮ' ಎನ್ನುವ ನೆಂಟರನ್ನು ಒಂದು ದಿನ ಆ ಕುರ್ಚಿಯಲ್ಲಿ ಕೂರಿಸಬೇಕು.

ಮಗಳು ಕೈಯಲ್ಲೇ ಮಾತಾಡಲು ಕಲಿತದ್ದು ಹೀಗೆ. ಹೊಟ್ಟೆ ತಟ್ಟಿದರೆ ಹಸಿವು, ಮೂಗು ಹಿಡಿದರೆ ಬಚ್ಚಲು. ಮೊದಮೊದಲು ಎಲ್ಲರಿಗೂ ನಗು. ಬರಬರುತ್ತಾ ಹುಡುಗಿ ಅಮ್ಮನೆದುರು ಬಾಯಿ ತೆರೆಯುವುದನ್ನೇ ಬಿಟ್ಟಳು. ಹೊರಗೆ ಮೆಟ್ಟಿಲ ಮೇಲೆ ಅಜ್ಜಿಯ ಜೊತೆ ಅರಳು ಹುರಿದಂತೆ ಮಾತಾಡುವವಳು ಅಮ್ಮನನ್ನು ಕಂಡೊಡನೆ ಕೈ ಎತ್ತುತ್ತಿದ್ದಳು. ಕಿಟಕಿಯಾಚೆಯಿಂದ ಆ ದನಿ ತೇಲಿಬಂದಾಗಲೆಲ್ಲ ಅಮ್ಮನಿಗೆ ಸಂಕಟ. ಒಮ್ಮೆ ತನ್ನ ಜೊತೆಯೂ ಹಾಗೆ ಮಾತಾಡಲಿ ಎಂದು ಜೀವ ಹಾತೊರೆಯುತ್ತಿತ್ತು.

ಸಂಜೆಯಾದರೂ ಕರೆಗಳು ಬಿಡುತ್ತಿರಲಿಲ್ಲ. ಅಷ್ಟರಲ್ಲಿ ಹೊಸ ಕಾನೂನು ಬಂತು. ಮನೆಯಿಂದ ದುಡಿಯುವವರು ಕೆಲಸದ ಹೊತ್ತು ಮುಗಿದ ಮೇಲೆ ಫೋನು ಎತ್ತಬೇಕಿಲ್ಲ, ಎತ್ತಲಿಲ್ಲವೆಂದು ಯಾರೂ ಕೆಲಸದಿಂದ ತೆಗೆಯುವಂತಿಲ್ಲ.

"ಕಾಗದದ ಮೇಲೆ ಏನು ಬೇಕಾದ್ರೂ ಬರೀತಾರೆ" ಎಂದಳು ಅವಳು.

"ನೀನು ಬಳಸಿದ್ರೆ ತಾನೇ ಅದಕ್ಕೆ ಜೀವ ಬರೋದು" ಎಂದಳು ನೌಕರರ ಸಂಘದ ಗೆಳತಿ.

ಆ ಸಂಜೆ ಹೊತ್ತು ಮುಗಿದದ್ದೇ ಲ್ಯಾಪ್‌ಟಾಪ್ ಮುಚ್ಚಿದಳು. ಫೋನು ಹೊಡೆದುಕೊಂಡಿತು. ಮೇಲ್ವಿಚಾರಕನೇ. ಅವಳು ಎತ್ತಲಿಲ್ಲ. ಕೊನೆಗೆ ಅದೇ ಸುಮ್ಮನಾಯಿತು.

ಮಗಳೆದುರು ನೆಲದ ಮೇಲೆ ಕೂತು, "ಶಾಲೇಲಿ ಏನಾಯ್ತು ಹೇಳು ಪುಟ್ಟಿ" ಎಂದಳು.

ಮಗಳು ಫೋನಿನತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಎರಡೂ ಅಂಗೈಗಳನ್ನು ತಲೆಯ ಮೇಲೆ ನಿಲ್ಲಿಸಿ ಮೆಲ್ಲಗೆ ಬಾಗಿಸಿದಳು. ಅಮ್ಮನಿಗೆ ಅರ್ಥವಾಗಲಿಲ್ಲ. ಒಂದೇ ಮನೆಯಲ್ಲಿದ್ದೂ ಅವಳಿಗೆ ಗೊತ್ತಿಲ್ಲದೆ ಹುಟ್ಟಿದ ಮಾತು ಅದು. ಬೇರೇನೂ ತೋಚದೆ, ತಾನೂ ತಲೆಯ ಮೇಲೆ ಕೈಯಿಟ್ಟು ಅಲ್ಲಾಡಿಸಿದಳು.

ಮಗಳು ಹುಬ್ಬು ಗಂಟಿಕ್ಕಿದಳು.

"ಹಾಗಲ್ಲಮ್ಮ. ಅದು ಕತ್ತೆ. ನಾನು ಹೇಳಿದ್ದು ಮೊಲ. ನಮ್ಮ ಟೀಚರ್ ಮೊಲ ತಂದಿದ್ರು."

ಒಳಕೋಣೆಯಲ್ಲಿ ಅತ್ತೆ ಮನಸಾರೆ ಕೆಮ್ಮಿದರು.

"ಹೌದಾ? ಹೀಗಾ?" ಎನ್ನುತ್ತಾ ಅಮ್ಮ ಕೈ ಸರಿಮಾಡಿಕೊಂಡಳು. ಮತ್ತೆ, ಬೇಕೆಂದೇ, ಕತ್ತೆಯನ್ನೇ ತೋರಿಸಿದಳು.