ಸಾಲಿನ ಕೊನೆಯ ವ್ಯಾನು

ಅರ್ಲೆಟ್‌ಗೆ ಸಾಕಾಗಿ ಹೋಗಿತ್ತು. ನಿನ್ನೆ ಮೊನ್ನೆಯ ಸುಸ್ತಲ್ಲ ಅದು, ಇಪ್ಪತ್ತೆರಡು ವರ್ಷದ್ದು. ವಾರದ ಐದು ದಿನ ಸೇಂತ್-ಎತಿಯೆನ್ ಊರಿನ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೋಣೆಯ ಹಬೆಯಲ್ಲಿ ಬೇಯುವುದು. ಶನಿವಾರ ಬಂತೆಂದರೆ ಗಂಡ ರೆಜಿಸ್ ಕಟ್ಟಿದ ಮೋಟಾರ್ ಸೈಕಲ್ ಸಂಘದ ಹಿಂದೆ ವ್ಯಾನು ಓಡಿಸುವುದು. ಗುರುವಾರ ಹಬ್ಬದ ರಜೆ ಬಿದ್ದು, ನಡುವಿನ ಶುಕ್ರವಾರವನ್ನೂ ನುಂಗಿ ನಾಲ್ಕು ದಿನ ಒಟ್ಟಿಗೆ ಸಿಕ್ಕಿಬಿಟ್ಟರೆ ಊರಿಗೆ ಊರೇ ಕುಣಿಯುತ್ತಿತ್ತು. ಅರ್ಲೆಟ್‌ಗೆ ಮಾತ್ರ ಎದೆ ಧಸಕ್ಕೆನ್ನುತ್ತಿತ್ತು.

ಈ ಸಲವೂ ಅದೇ ಕತೆ. ಮೇ ತಿಂಗಳ ನಾಲ್ಕು ದಿನ, ಹನ್ನೆರಡು ಬೈಕು, ಆರ್ದೆಶ್ ಬೆಟ್ಟಗಳ ಸಣ್ಣ ರಸ್ತೆಗಳು. ಎಲ್ಲರ ಮುಂದೆ ರೆಜಿಸ್, ಪೆಟ್ರೋಲ್ ಟ್ಯಾಂಕಿನ ಮೇಲೆ ನಕ್ಷೆ ಬಿಗಿದುಕೊಂಡು ದೊಡ್ಡ ದಂಡನಾಯಕ! ಎಲ್ಲರ ಹಿಂದೆ ಅರ್ಲೆಟ್. ಅವಳ ವ್ಯಾನಿನಲ್ಲಿ ಏನುಂಟು ಏನಿಲ್ಲ: ಎಲ್ಲರ ಗುಡಾರ, ಹಾಸಿಗೆ, ಚೀಲ, ಪೆಟ್ರೋಲ್ ಡಬ್ಬ, ಚೈನು, ಸ್ಪಾರ್ಕ್ ಪ್ಲಗ್ಗು, ಒಣ ಸಾಸೇಜು, ಮಾರುದ್ದದ ಬ್ರೆಡ್ಡು, ವೈನು. ಯಾರ ಬೈಕು ಕೆಟ್ಟರೂ ಅವಳೇ ಎತ್ತಿಹಾಕಿಕೊಳ್ಳಬೇಕು, ಯಾರ ಮಂಡಿ ತರಚಿದರೂ ಅವಳೇ ಔಷಧಿ ಹಚ್ಚಬೇಕು. "ನಿನಗೇನಮ್ಮ, ಇಡೀ ಫ್ರಾನ್ಸ್ ಸುತ್ತಿದ್ದೀಯ, ಪುಣ್ಯವಂತೆ" ಎಂದು ಆಸ್ಪತ್ರೆಯಲ್ಲಿ ಜೊತೆ ಕೆಲಸದ ಹೆಂಗಸರು ಹೊಟ್ಟೆಕಿಚ್ಚು ಪಡುತ್ತಿದ್ದರು. ಏನು ನೋಡಿದ್ದಾಳೆ, ಮಣ್ಣು! ದೇಶದ ಮೂಲೆಮೂಲೆಯಲ್ಲೂ ಅವಳು ನೋಡಿದ್ದು ಮುಂದಿನ ಬೈಕಿನ ಕೆಂಪು ದೀಪವನ್ನಷ್ಟೇ.

ಸಂಘಕ್ಕೊಂದು ಕಟ್ಟಳೆ ಇತ್ತು. ಮೊದಲ ವರ್ಷವೇ ರೆಜಿಸ್ ಮಾಡಿದ್ದು. ದಾರಿ ಕವಲೊಡೆಯುವ ಕಡೆಯೆಲ್ಲ, ಅವನ ಬೆನ್ನಿಗೇ ಬರುತ್ತಿರುವವನು ಬೈಕು ನಿಲ್ಲಿಸಿ, ಇಳಿದು, ಹೋಗಬೇಕಾದ ಕಡೆಗೆ ಕೈ ಚಾಚಿ ನಿಲ್ಲಬೇಕು. ಉಳಿದವರೆಲ್ಲ ದಾಟಿ, ಕೊನೆಗೆ ವ್ಯಾನು ದಾಟುವವರೆಗೆ ಅವನು ಅಲ್ಲಿಂದ ಕದಲಕೂಡದು. ವ್ಯಾನು ದಾಟಿದ ಮೇಲೆ ಅರ್ಲೆಟ್ ಕಿಟಕಿಯಿಂದ ಕೈ ಹೊರಗೆ ಹಾಕಿ 'ನಡಿ ಮುಂದೆ' ಎಂದು ಬೀಸುತ್ತಾಳೆ; ಅವನು ಅವಳನ್ನು ಹಿಂದೆ ಹಾಕಿ ಸಾಲು ಸೇರುತ್ತಾನೆ. ಮುಂದಿನ ಕವಲಿಗೆ ಇನ್ನೊಬ್ಬ. ಜೇಬಿನಲ್ಲಿ ಫೋನು ಇಟ್ಟುಕೊಂಡು ತಿರುಗುವ ಕಾಲ ಇನ್ನೂ ಬಂದಿರಲಿಲ್ಲವಲ್ಲ, ಯಾರೂ ದಾರಿ ತಪ್ಪದಿರಲು ಇದೊಂದೇ ಉಪಾಯ. ಮಳೆಯಲ್ಲೂ ಚಳಿಯಲ್ಲೂ ಇದು ಒಂದು ಸಲವೂ ತಪ್ಪಿದ್ದಿಲ್ಲ.

ಶುಕ್ರವಾರ ಬೆಳಿಗ್ಗೆ, ಹೊರಡುವ ಮೊದಲು, ಅರ್ಲೆಟ್ ಗಟ್ಟಿ ಮನಸ್ಸು ಮಾಡಿ ಗಂಡನ ಹತ್ತಿರ ಹೋದಳು. ಮಧ್ಯಾಹ್ನ ಊಟದ ಹೊತ್ತಿಗೆ ಅವನು ಆಗಸ್ಟ್ ತಿಂಗಳ ಪ್ರವಾಸ ಸಾರುವವನಿದ್ದ: ಮೂರು ವಾರ, ಬ್ರಿಟಾನಿಯ ಕರಾವಳಿ ಪೂರ್ತಿ. ಅವಳ ಬೇಸಿಗೆಯ ರಜೆಯೆಲ್ಲ ಅದಕ್ಕೇ ಹೋಗುತ್ತಿತ್ತು. ಅವನು ಎಲ್ಲರೆದುರು ಸಾರಿಬಿಟ್ಟರೆ ಆಮೇಲೆ ಬರುವುದಿಲ್ಲ ಅನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಹೇಳಿದರೆ ಈಗಲೇ ಹೇಳಬೇಕು.

"ರೆಜಿಸ್, ಒಂದು ಮಾತು."

"ಟೈರಿಗೆ ಗಾಳಿ ನೋಡಿದ್ಯಾ?"

"ನೋಡ್ದೆ. ಅದಲ್ಲ. ಆಗಸ್ಟ್ ವಿಷಯ..."

ಅವನಾಗಲೇ ಹೆಲ್ಮೆಟ್ ಹಾಕಿಕೊಂಡಾಗಿತ್ತು. "ಊಟಕ್ಕೆ ಕೂತಾಗ ಮಾತಾಡೋಣ ಬಿಡೇ! ಹನ್ನೆರಡೂವರೆಗೆ ಹೋಟೆಲಲ್ಲಿ ಟೇಬಲ್ ಹೇಳಿದ್ದೀನಿ. ಒಂದೂವರೆ ಆಯ್ತು ಅಂದ್ರೆ ಆ ಯಮ್ಮ ಒಲೆ ಆರಿಸಿ ಬಾಗಿಲು ಹಾಕ್ತಾಳೆ. ಹಿಂದೆ ಬೀಳ್ಬೇಡ ಮತ್ತೆ!"

ಹಿಂದೆ ಬೀಳಬಾರದಂತೆ! ಹಿಂದೆ ಇರುವುದನ್ನೇ ಅವಳ ಕೆಲಸ ಮಾಡಿಟ್ಟವನು ಆಡುವ ಮಾತು ನೋಡಿ.

ಹನ್ನೊಂದರ ಸುಮಾರಿಗೆ ಬಿಸಿಲು ಏರಿತು. ತಿರುವಿನ ಮೇಲೆ ತಿರುವು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಅರ್ಲೆಟ್‌ಳ ಕಣ್ಣು ಎಳೆಯುತ್ತಿತ್ತು. ಕೆನ್ನೆ ಬಡಿದುಕೊಂಡಳು, ಫ್ಲಾಸ್ಕಿನ ತಣ್ಣಗಾದ ಕಾಫಿ ಕುಡಿದಳು. ಒಂದು ತಿರುವಿನಲ್ಲಿ ಬಲಗಡೆಯ ಚಕ್ರ ದಾರಿಯಂಚಿನ ಜಲ್ಲಿಕಲ್ಲಿನ ಮೇಲೆ ಗರಗರ ಎಂದಾಗಲೇ ಗೊತ್ತಾಗಿದ್ದು, ತಾನು ಕಣ್ಣು ಮುಚ್ಚಿಬಿಟ್ಟಿದ್ದೆ ಎಂದು. ಬೆವರು ಕಿತ್ತುಕೊಂಡು ಬಂತು. ಚೆಸ್ಟ್‌ನಟ್ ಮರಗಳ ನೆರಳು ಕಂಡದ್ದೇ ವ್ಯಾನನ್ನು ಅದರೊಳಗೆ ನುಗ್ಗಿಸಿ ಇಂಜಿನ್ ಆರಿಸಿದಳು. ಹತ್ತೇ ಹತ್ತು ನಿಮಿಷ ಎಂದುಕೊಂಡು ಸ್ಟೀರಿಂಗ್ ಮೇಲೆ ತಲೆಯಿಟ್ಟಳು.

ಎಚ್ಚರವಾದಾಗ ಮಧ್ಯಾಹ್ನ ಎರಡಾಗುತ್ತ ಬಂದಿತ್ತು.

ಮೊದಲು ಅವಳಿಗೆ ಹಾಯೆನಿಸಿತು. ಎಷ್ಟು ವರ್ಷವಾಗಿತ್ತು ಹಗಲು ಹೊತ್ತು ಹೀಗೆ ಮಲಗಿ! ಮರುಗಳಿಗೆ ನೆನಪಾಯಿತು. ಮುಂದಿನ ಕವಲಿನಲ್ಲಿ ನಿಂತಿರುವವನು? ಈ ಬಿಸಿಲಿನಲ್ಲಿ? "ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಗಾಡಿ ಎಬ್ಬಿಸಿದಳು. ಎರಡು ಗಂಟೆ ಯಾರು ತಾನೇ ಕಾಯುತ್ತಾರೆ, ಹೋಗಿರುತ್ತಾರೆ, ಹೋಗಿರಲಿ ದೇವರೇ ಎಂದುಕೊಳ್ಳುತ್ತಲೇ ನಾಲ್ಕು ಕಿಲೋಮೀಟರ್ ಓಡಿಸಿದಳು.

ಹೋಗಿರಲಿಲ್ಲ. ಕವಲಿನಲ್ಲಿ ತಾತ ಅನ್ಸೆಲ್ಮ್ ನಿಂತಿದ್ದ. ಗಣಿಯಲ್ಲಿ ದುಡಿದು ನಿವೃತ್ತನಾದ ಎಪ್ಪತ್ತರ ಮುದುಕ, ಎದೆಯಲ್ಲಿ ಉಸಿರಿಗಿಂತ ಕಲ್ಲಿದ್ದಲಿನ ಧೂಳೇ ಹೆಚ್ಚು. ತಲೆಗೆ ಕರವಸ್ತ್ರ ಕಟ್ಟಿಕೊಂಡು, ಮುಖ ಕೆಂಪಡರಿ, ಒಂದು ಕೈ ಬೈಕಿನ ಮೇಲೂರಿ ಇನ್ನೊಂದನ್ನು ಬಲಗಡೆಗೆ ಚಾಚಿ ನಿಂತಿದ್ದ. ವ್ಯಾನು ಕಂಡ ಮೇಲೆಯೇ ಆ ಕೈ ಕೆಳಗಿಳಿದದ್ದು.

ಅರ್ಲೆಟ್ ಇಳಿದು ಓಡಿದಳು. "ತಾತ! ನಿಮಗೇನು ತಲೆ ಕೆಟ್ಟಿದ್ಯಾ? ಹೋಗ್ಬಾರ್ದಿತ್ತಾ?"

"ಹ್ಯಾಗೆ ಹೋಗ್ಲಮ್ಮ? ನೀನು ಬಂದಿರ್ಲಿಲ್ವಲ್ಲ."

"ನೆರಳಿಗಾದ್ರೂ ಹೋಗಿ ಕೂತ್ಕೋಬಾರ್ದಾ?"

"ನೆರಳಲ್ಲಿ ಕೂತ್ರೆ ನಿನಗೆ ಕಾಣಿಸ್ತಿರ್ಲಿಲ್ಲ." ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡ. "ಹಿಂದಕ್ಕೆ ಬಂದು ನೋಡೋಣ ಅಂತ ನೂರು ಸಲ ಅನ್ನಿಸ್ತು. ಬೇರೆ ಯಾವ್ದಾದ್ರೂ ಓಣೀಲಿ ನೀನು ಬಂದುಬಿಟ್ಟು, ಇಲ್ಲಿ ಯಾರೂ ಇಲ್ಲದೆ ಹೋದ್ರೆ? ನಿನ್ನ ಹತ್ರ ನಕ್ಷೆ ಕೂಡ ಇಲ್ಲ. ಗಾಡಿಗೇನಾದ್ರೂ ಆಯ್ತಾ?"

"ಗಾಡಿಗೇನೂ ಆಗಿಲ್ಲ. ನಿದ್ದೆ ಬಂತು, ಮಲಗಿಬಿಟ್ಟೆ."

ಬೈಯುತ್ತಾನೆ ಅಂದುಕೊಂಡಿದ್ದಳು. ಮುದುಕ ಅವಳ ಮುಖ ನೋಡಿ, "ಒಳ್ಳೇದು ಮಾಡ್ದೆ" ಎಂದ. ಅಷ್ಟು ಸಾಕಾಯಿತು. ರಸ್ತೆಯಂಚಿನ ಕಲ್ಲಿನ ಮೇಲೆ ಕೂತು ಅರ್ಲೆಟ್ ಬಿಕ್ಕಿ ಬಿಕ್ಕಿ ಅತ್ತಳು. ಅವನು ನೀರಿನ ಬಾಟಲಿಗಾಗಿ ವ್ಯಾನಿನಲ್ಲಿ ತಡಕಾಡಿ ವೈನಿನ ಬಾಟಲಿ ತಂದ.

ಅಷ್ಟರಲ್ಲಿ ಬೆಟ್ಟದ ಮೇಲಿಂದ ಇಂಜಿನ್ನುಗಳ ಸದ್ದು ಇಳಿದು ಬಂತು. ಮುಂದೆ ರೆಜಿಸ್, ಹಿಂದೆ ಹತ್ತು ಜನ, ಎಲ್ಲರ ಮುಖವೂ ಬಿಸಿಲಿಗೆ ಬೆಂದಿತ್ತು. ಏನಾಗಿತ್ತು ಅಂದರೆ, ವ್ಯಾನು ಬಾರದ್ದಕ್ಕೆ ಯಾರೂ ಕದಲಿರಲಿಲ್ಲ. ಒಂದೊಂದು ಕವಲಿಗೆ ಒಬ್ಬೊಬ್ಬರಂತೆ ನಿಂತು ನಿಂತು ಸಾಲೆಲ್ಲ ಕರಗಿ, ರೆಜಿಸ್ ಒಬ್ಬನೇ ಹೋಟೆಲು ಮುಟ್ಟಿದ್ದ. ಹನ್ನೆರಡೂವರೆಗೆ ಸರಿಯಾಗಿ, ಹದಿಮೂರು ತಟ್ಟೆ ಇಟ್ಟ ಟೇಬಲಿನ ಮುಂದೆ. ಹಿಂದೆ ತಿರುಗಿ ನೋಡುವ ಅಭ್ಯಾಸವಿದ್ದರಲ್ಲವೇ ಮೊದಲೇ ತಿಳಿಯುವುದು!

"ಎರಡು ಗಂಟೆ ಹಸುಗಳಿಗೆ ದಾರಿ ತೋರಿಸ್ದೆ ಕಣಪ್ಪ," ಎಂದ ಮಾಂಸದಂಗಡಿಯ ಬೆರ್ತ್ರಾಂ, ಬೈಕಿನಿಂದ ಇಳಿಯುತ್ತ. "ಒಂದಾದ್ರೂ ತಿರುಗಿದ್ರೆ ಕೇಳು."

ರೆಜಿಸ್‌ಗೆ ನಗು ಬರಲಿಲ್ಲ. "ಏನೇ ಇದು? ಎಲ್ಲಿ ಸತ್ತಿದ್ದೆ? ಒಲೆ ಆರಿಸಿಬಿಟ್ಟಳು ಆ ಯಮ್ಮ! ಎಲ್ಲರೆದುರು ನನ್ನ ಮಾನ ತೆಗೆದೆಯಲ್ಲೇ!"

ಅರ್ಲೆಟ್ ಕಣ್ಣೊರೆಸಿಕೊಂಡಳು. "ಮಲಗಿದ್ದೆ. ಇನ್ನು ಹತ್ತು ಮಾರು ಓಡಿಸಿದ್ರೆ ಕಣಿವೇಲಿ ಮಲಗಿರ್ತಿದ್ದೆ."

ಅವನು ಬೈಕಿನ ಇಂಜಿನ್ ಆರಿಸಿದ.

"ಆಗಸ್ಟಿಗೆ ನಾನು ಬರಲ್ಲ ರೆಜಿಸ್. ಇನ್ಯಾವತ್ತೂ ಬರಲ್ಲ. ನನಗೆ ಸಾಕಾಗಿದೆ."

"ಮೊದಲೇ ಹೇಳೋಕೇನಾಗಿತ್ತು?"

"ಹೇಳೋಕೆ ಬಂದಾಗೆಲ್ಲ ನೀನು ಹೆಲ್ಮೆಟ್ ಹಾಕ್ಕೊಂಡಿರ್ತಿದ್ದೆ."

ಯಾರೋ ಕೆಮ್ಮಿದರು. ಅನ್ಸೆಲ್ಮ್ ಅಲ್ಲ.

"ಇಲ್ಲಿ ನೋಡು," ಎಂದಳು ಅರ್ಲೆಟ್. ದನಿ ಏರಿಸಲಿಲ್ಲ, ಏರಿಸಲು ಶಕ್ತಿಯೂ ಇರಲಿಲ್ಲ. "ಈ ಮುದುಕಪ್ಪ ಎರಡು ಗಂಟೆ ಬಿಸಿಲಲ್ಲಿ ನನಗೋಸ್ಕರ ನಿಂತಿದ್ದಾರೆ. ಬೆರ್ತ್ರಾಂ ನಿಂತಿದ್ದಾನೆ. ಇಪ್ಪತ್ತೆರಡು ವರ್ಷದಲ್ಲಿ ಈ ಸಂಘದಲ್ಲಿ ನನಗಾಗಿ ಕಾಯದೆ ಇರೋನು ಒಬ್ಬನೇ ಒಬ್ಬ. ಅದು ನೀನು."

ರೆಜಿಸ್ ಏನೋ ಅನ್ನಲು ಹೋದ. ಮುಂದೆ ಇರುವವನು ನಿಲ್ಲುವ ಹಾಗಿಲ್ಲ, ಕಟ್ಟಳೆಯೇ ಹಾಗೆ ಅಂತಲೋ ಏನೋ. ಹೆಲ್ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ.

ಅರ್ಲೆಟ್ ಎದ್ದು ವ್ಯಾನಿನ ಹಿಂಬಾಗಿಲು ತೆರೆದಳು. "ನಿಮ್ಮ ನಿಮ್ಮ ಗಂಟು ನೀವು ನೀವು ಇಳಿಸ್ಕೊಳ್ಳಿ. ನಾನು ಮನೆಗೆ ಹೋಗ್ತೀನಿ."

ಆಮೇಲೆ ನಡೆದ ಫಜೀತಿ ಕೇಳಬೇಡಿ. ಗುಡಾರ ಯಾರದು, ಹಾಸಿಗೆ ಯಾರದು, ಒಬ್ಬರಿಗೂ ಗೊತ್ತಿಲ್ಲ; ಎಲ್ಲ ಗೊತ್ತಿದ್ದದ್ದು ಅವಳಿಗೆ. ಹಗ್ಗ ಕಟ್ಟಲು ಬಾರದೆ ಬೆರ್ತ್ರಾಂ ತನ್ನ ಹಾಸಿಗೆಯನ್ನು ಎರಡು ಸಲ ಬೀಳಿಸಿದ. ನಿಂತಲ್ಲೇ ಸಾಸೇಜು ಕತ್ತರಿಸಿ, ಬ್ರೆಡ್ಡು ಮುರಿದು ತಿಂದರು. ತಾತ ಅನ್ಸೆಲ್ಮ್ ಬಂದು ಎರಡೂ ಕೆನ್ನೆಗೆ ಮುತ್ತು ಕೊಟ್ಟು ಹೋದ. ರೆಜಿಸ್ ಎಲ್ಲೂ ಕಾಣಲಿಲ್ಲ. ಮುನಿಸಿಕೊಂಡಿದ್ದರೆ ಮುನಿಸಿಕೊಂಡಿರಲಿ ಎಂದು ಅವಳು ಬಾಗಿಲು ಹಾಕಿ ವ್ಯಾನು ಹತ್ತಿದಳು.

ಬೈಕುಗಳ ಗುಂಪು ದಾಟಿದರೆ, ಕವಲಿನ ಬಾಯಲ್ಲೇ ಒಬ್ಬ ನಿಂತಿದ್ದ, ಪಕ್ಕದಲ್ಲಿ ಬೈಕು. ರೆಜಿಸ್. ಟ್ಯಾಂಕಿನ ಮೇಲೆ ನಕ್ಷೆ ಇರಲಿಲ್ಲ. ಅದಾಗಲೇ ಬೆರ್ತ್ರಾಂನ ಕೈ ಸೇರಿತ್ತು. ಹೆಲ್ಮೆಟ್ಟು ಹಾಕಿಕೊಳ್ಳದೆ, ಬಿಳಿಗೂದಲೆಲ್ಲ ಬೆವರಿಗೆ ಅಂಟಿಕೊಂಡು, ಶಾಲೆಯಲ್ಲಿ ಶಿಕ್ಷೆಗೆ ನಿಲ್ಲಿಸಿದವರ ಹಾಗೆ ಕೈ ಚಾಚಿದ್ದ. ಬಲಗಡೆಗಲ್ಲ, ಎಡಗಡೆಗೆ. ಸೇಂತ್-ಎತಿಯೆನ್ ಕಡೆಗೆ, ಮನೆ ಕಡೆಗೆ.

ಅರ್ಲೆಟ್ ಅವನ ಮುಖ ನೋಡದೆ ಎಡಕ್ಕೆ ತಿರುಗಿಸಿ ದಾಟಿದಳು. ದಾಟಿದ ಮೇಲೆ ಅಭ್ಯಾಸಬಲದಿಂದ ಕೈ ತಾನಾಗಿ ಕಿಟಕಿಯಿಂದ ಹೊರಗೆ ಹೋಗಿ 'ನಡಿ ಮುಂದೆ' ಎಂದು ಬೀಸಿತು. ಹಿಂದೆ ಇಂಜಿನ್ ಎದ್ದ ಸದ್ದು ಕೇಳಿಸಿತು. ಈಗ ಹಿಂದೆ ಹಾಕುತ್ತಾನೆ, ಇನ್ನೇನು ಹಾಕುತ್ತಾನೆ ಎಂದು ಅವಳು ರಸ್ತೆಯಂಚಿಗೆ ಸರಿದಳು. ಹಾಕಲಿಲ್ಲ. ನೇರ ರಸ್ತೆ ಸಿಕ್ಕಾಗ ಮತ್ತೊಮ್ಮೆ ಕೈ ಬೀಸಿದಳು, ಈ ಸಲ ಸಿಟ್ಟಿನಿಂದ. "ಹೋಗೋ ಹಾಳಾದವನೇ, ಮುಂದೆ ಹೋಗೋ!"

ಅವನು ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಯಾರೂ ಗಳಿಗೆಗಿಂತ ಹೆಚ್ಚು ಉಳಿಯದಿದ್ದ ಕನ್ನಡಿಯಲ್ಲಿ ಒಂದು ದೀಪ ತಿರುವು ತಿರುವಿಗೂ ಮರೆಯಾಗಿ, ಮತ್ತೆ ಕಾಣಿಸಿಕೊಳ್ಳುತ್ತಿತ್ತು. ಅವಳ ಸುಸ್ತೇನೂ ಇಳಿದಿರಲಿಲ್ಲ, ಕಣ್ಣು ಮತ್ತೆ ಎಳೆಯಲು ಶುರುವಾಗಿತ್ತು. ಅವಳು ಗಾಡಿ ನಿಧಾನ ಮಾಡಿದಳು. ಹಿಂದೆ ಅವನೂ ನಿಧಾನ ಮಾಡಿದ.