ಎರಡು ಮೊಳದ ಅಂತರ

ಪರಮಾಣು ಇಂಧನ ತಯಾರಿಸುವ ಆ ಕಾರ್ಖಾನೆಗೆ ಸರ್ಕಾರದ ತಪಾಸಣೆ ಬರುತ್ತದೆಂದರೆ ಸಾಕು, ಮದುವೆ ಮನೆಯ ಗಡಿಬಿಡಿ. ಗೋಡೆಗೆ ಬಣ್ಣ, ಬಾಗಿಲಿಗೆ ಎಣ್ಣೆ, ಕಡತಕ್ಕೆ ಹೊಸ ರಟ್ಟು. ಯಂತ್ರಗಳನ್ನು ಮಾತ್ರ ಕೇಳುವವರಿಲ್ಲ; ಅವು ಮನೆಯ ಸೊಸೆಯರಿದ್ದಂತೆ, ದುಡಿಯುತ್ತಿದ್ದರಾಯಿತು. ತಪಾಸಣಾಧಿಕಾರಿಗಳು ತಂಪು ಸಭಾಕೋಣೆಯಲ್ಲಿ ಕೂತು, ಪರದೆಯ ಮೇಲೆ ಕಾರ್ಖಾನೆಯ ಚಿತ್ರ ನೋಡಿ, 'ತೃಪ್ತಿಕರ' ಎಂದು ಬರೆದು ಹೋಗುತ್ತಿದ್ದರು.

ಉಗ್ರಾಣದ ಡಬ್ಬಿ ಮಾವ ಇಂಥ ಹನ್ನೊಂದು ಮದುವೆ ಕಂಡವನು. ಯುರೇನಿಯಂ ಪುಡಿ ತುಂಬಿದ ಉಕ್ಕಿನ ಡಬ್ಬಿಗಳನ್ನು ನೆಲದ ಹಳದಿ ವೃತ್ತಗಳೊಳಗೆ ಇಡುವುದು ಅವನ ಕೆಲಸ. ಡಬ್ಬಿಗೂ ಡಬ್ಬಿಗೂ ನಡುವೆ ಎರಡು ಮೊಳ ಇರಲೇಬೇಕು. ಕೆಲಸಕ್ಕೆ ಸೇರಿದ ದಿನ ಹಳೇ ಮೇಸ್ತ್ರಿ ಹೇಳಿದ್ದ: ಇವು ವಾರಗಿತ್ತಿಯರು ಕಣಯ್ಯ, ಬೇರೆ ಬೇರೆ ಇದ್ದರೆ ಬಂಗಾರ, ಒಂದೇ ಒಲೆಗೆ ಸೇರಿಸಿದೆಯೋ ಮನೆ ಉಳಿಯೋಲ್ಲ. ಬೆಂಕಿ ಕಾಣದೆ, ಸದ್ದಿಲ್ಲದೆ ಕಿರಣ ಹೊಮ್ಮಿ ಹತ್ತಿರ ಇದ್ದವರ ಜೀವ ತೆಗೆಯುತ್ತದಂತೆ. ಹತ್ತಿರ ಅಂದರೆ ಯಾರು? ಹತ್ತು ಹೆಜ್ಜೆ ಆಚೆ, ತೆಳು ಗೋಡೆಯ ಹಿಂದೆ, ಪುಡಿಯನ್ನು ಒತ್ತಿ ಗುಳಿಗೆ ಮಾಡುವ ಯಂತ್ರದ ಮುಂದೆ ನಿಲ್ಲುವವಳು ಅವನ ಒಬ್ಬಳೇ ಮಗಳು.

ಈ ಸಲ ಹೊಸ ಅಧಿಕಾರಿ, ಉಗ್ರಾಣದೊಳಗೂ ಬರುತ್ತೇನೆಂದು ಕಾಗದ ಬರೆದರು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ ಎಂದು ಡಬ್ಬಿ ಮಾವನಿಗೆ ಖುಷಿಯಾಯಿತು. ಕಾರ್ಖಾನೆಯ ದೊಡ್ಡ ಸಾಹೇಬರಿಗೂ ಆಯಿತು. ಹೂಗುಚ್ಛ ಕೊಡಲು ಅಲ್ಲೊಂದು ವೇದಿಕೆ ಬೇಕೆಂದರು. ಜಾಗವಿರಲಿಲ್ಲ. ಅದಕ್ಕೇನು, ಬಣ್ಣದವನನ್ನು ಕರೆಸಿ ವೃತ್ತಗಳನ್ನೇ ಒತ್ತೊತ್ತಾಗಿ, ಒಂದೊಂದು ಮೊಳಕ್ಕೆ ಹೊಸದಾಗಿ ಬರೆಸಿಬಿಟ್ಟರು. ಸುರಕ್ಷತೆಯ ಸ್ವಾಗತಕ್ಕೆ ಸುರಕ್ಷತೆಯೇ ಸ್ವಲ್ಪ ಸರಿದು ಕೂತರೆ ತಪ್ಪೇನು!

ಡಬ್ಬಿ ಮಾವ ಹೋಗಿ, ಎರಡು ಮೊಳ ಇರಲೇಬೇಕೆಂದು ಹೇಳಿದ. ನೀನ್ಯಾವಾಗ ಎಂಜಿನಿಯರ್ ಆದೆ ಎಂದು ಸಾಹೇಬರು ಕೇಳಿದರು. ಅವನು ಉಗ್ರಾಣಕ್ಕೆ ವಾಪಸು ಬಂದ. ಹಿಂದೊಮ್ಮೆ ದೂರು ಬರೆದಿದ್ದವನು ನಾಲ್ಕು ವರ್ಷದಿಂದ ಗೇಟಿನ ಬಳಿ ಹುಲ್ಲಿಗೆ ನೀರು ಹಾಕುತ್ತಿದ್ದಾನೆ. ಹುಲ್ಲೇನೋ ಚೆನ್ನಾಗಿದೆ.

ತಪಾಸಣೆಯ ಬೆಳಿಗ್ಗೆ ಡಬ್ಬಿಗಳು ಬಂದವು. ಡಬ್ಬಿ ಮಾವ ಮೂಲೆಯಿಂದ ಪೊರಕೆಯ ಕೋಲು ತೆಗೆದ. ಕೆಲಸಕ್ಕೆ ಸೇರಿದ ವರ್ಷವೇ ಎರಡು ಮೊಳಕ್ಕೆ ಕತ್ತರಿಸಿಟ್ಟುಕೊಂಡಿದ್ದ ಕೋಲು. ಅದನ್ನಿಟ್ಟು ಅಳೆದು, ಹೊಳೆಯುವ ವೃತ್ತಗಳನ್ನು ಲೆಕ್ಕಕ್ಕೇ ತಗೊಳ್ಳದೆ, ಹನ್ನೆರಡು ಡಬ್ಬಿ ಇಟ್ಟ. ಹನ್ನೆರಡನೆಯದು ಸರಿಯಾಗಿ ವೇದಿಕೆಯ ಮೆಟ್ಟಿಲ ಮುಂದೆ ಬಂದು ನಿಂತಿತು.

ಹೂಗುಚ್ಛ ಹಿಡಿದ ಸಾಹೇಬರು ಅದನ್ನು ಕಂಡು ಬಿಳಿಚಿಕೊಂಡರು. ಈ ಮುದುಕನಿಗೆ ಶಿಸ್ತಿಲ್ಲ, ವೃತ್ತ ಬರೆದಿದ್ದರೂ ಆಚೆ ಇಟ್ಟಿದ್ದಾನೆ ಎಂದು ಅಧಿಕಾರಿಯ ಮುಂದೆಯೇ ದೂರಿದರು. ಕಾಲ ಮೇಲೆ ಕಲ್ಲು ಎತ್ತಿ ಹಾಕಿಕೊಳ್ಳುವುದೆಂದರೆ ಇದೇ.

"ಎಷ್ಟು ಆಚೆ ಅಂತ ಬರೀಬೇಕಲ್ಲ, ಅಳೆದೇ ಬಿಡೋಣ," ಎಂದು ಅಧಿಕಾರಿ ಟೇಪು ಬಿಚ್ಚಿದರು.

ಡಬ್ಬಿಯಿಂದ ಡಬ್ಬಿಗೆ ಅಳೆದರು. ವೃತ್ತದಿಂದ ವೃತ್ತಕ್ಕೆ ಅಳೆದರು. ಇನ್ನೊಮ್ಮೆ ಅಳೆದರು. ಹೂಗುಚ್ಛವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ವರದಿ ಬಂತು. ವೃತ್ತಗಳನ್ನು ನಿಯಮದಂತೆ ಮತ್ತೆ ಬರೆಸತಕ್ಕದ್ದು. ಗುರುತು ಮೀರಿ ಡಬ್ಬಿ ಇಟ್ಟ ನೌಕರನಿಗೆ ಎಚ್ಚರಿಕೆ ಕೊಡತಕ್ಕದ್ದು. ಆಡಳಿತದ ಸಹಕಾರ ಮೆಚ್ಚತಕ್ಕದ್ದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಎತ್ತಿಗೆ ಬಹುಮಾನವನ್ನೂ ಕೊಟ್ಟರು.

ಎಚ್ಚರಿಕೆ ಪತ್ರಕ್ಕೆ ಡಬ್ಬಿ ಮಾವ ಮೂರು ದಿನ ಸಹಿ ಹಾಕಲಿಲ್ಲ. ಮತ್ತೆ ಬರೆಸಿದ ವೃತ್ತಗಳ ಬಣ್ಣ ಒಣಗಲಿ ಎಂದು ಕಾದ. ವೃತ್ತಗಳ ನಡುವೆ ಕೋಲು ಇಟ್ಟು ನೋಡಿ, ಆಮೇಲೆ 'ಈ ತಪ್ಪನ್ನು ಇನ್ನು ಮಾಡೆನು' ಎಂಬಲ್ಲಿ ಸಹಿ ಗೀಚಿದ. ಪತ್ರದ ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿದರು.

ಸಂಜೆ ಮನೆಗೆ ಹೋಗುವಾಗ ಮಗಳು ಮುಖ ಊದಿಸಿಕೊಂಡಿದ್ದಳು.

"ಇಷ್ಟು ವರ್ಷ ಆದ್ಮೇಲೂ ಒಂದು ವೃತ್ತದೊಳಗೆ ಡಬ್ಬಿ ಇಡೋಕೆ ಬರಲ್ವಾ ಅಪ್ಪಾ? ಎಲ್ಲಾ ನಗ್ತಿದಾರೆ."

ನಿಜ ಹೇಳಬಹುದಿತ್ತು. ಹೇಳಿದರೆ ಇವಳ ಬಾಯಿ ಸುಮ್ಮನಿರದು, ನಾಳೆಯೇ ಜಗಳಕ್ಕೆ ಹೋಗುತ್ತಾಳೆ, ಗೇಟಿನ ಹುಲ್ಲಿಗೆ ನೀರು ಹಾಕಲು ಇನ್ನೊಬ್ಬಳು ಸಿಕ್ಕಂತಾಗುತ್ತದೆ.

"ವಯಸ್ಸಾಯ್ತಲ್ಲಮ್ಮಾ, ಕಣ್ಣಂದಾಜು ಸಿಗಲ್ಲ," ಅಂದ. "ಇನ್ಮೇಲೆ ಒಳಗೇ ಇಡ್ತೀನಿ."

ಅವಳು ನಾಲ್ಕು ಹೆಜ್ಜೆ ಮುಂದೆ ಹೋದಳು. ಹೋಗಲಿ ಬಿಡು ಅಂದುಕೊಂಡ, ನಡೀತಿದ್ದಾಳಲ್ಲ.