ವೆಂಡೆಲ್‌ನ ಹೆಸರಿದ್ದ ಪಟ್ಟಿ

ಕಾರಿನ ನೆತ್ತಿಯ ಮೇಲೆ ಎರಡು ಗಾಳದ ಕೋಲು ಕಟ್ಟಿಕೊಂಡು ಬಂದ ಹೆಂಗಸು ಮೀನು ಹಿಡಿಯುವವಳಲ್ಲ ಎಂದು ಓಪಲ್ ಕಿಟಕಿಯಿಂದಲೇ ತೀರ್ಮಾನಿಸಿದಳು.

"ಗಾಳಕ್ಕೆ ದಾರಾನೇ ಇಲ್ಲ ಕಣೇ. ನಿನ್ನ ಲಾಯರಮ್ಮನೇ ಇರ್ಬೇಕು."

ಲೆನೋರ್ ಕಾಡಿಲ್ ಹೋಗಿ ಹಿಂಬಾಗಿಲು ತೆರೆದಳು. ಅವಳು ಅಮೆರಿಕದ ಕೆಂಟಕಿ ರಾಜ್ಯದ ಗವರ್ನರ್. ಈ ಭೇಟಿ ಯಾರಿಗೂ ತಿಳಿಯಬಾರದೆಂದು ಆ ವಾರ ಸರ್ಕಾರಿ ಬಂಗಲೆ ಬಿಟ್ಟು ಸ್ವಂತ ಮನೆಗೆ ಬಂದಿದ್ದಳು. ಗಂಡ ವೆಂಡೆಲ್ ಸತ್ತು ಹದಿನಾಲ್ಕು ತಿಂಗಳಾಗಿತ್ತು. ಅಂದಿನಿಂದ ಅತ್ತೆ ಓಪಲ್ ಅವಳ ಜೊತೆಗೇ ಇದ್ದಳು.

ಅಧ್ಯಕ್ಷ ಪದವಿಗೆ ನಿಂತಿದ್ದ ಸೆನೆಟರ್ ಗ್ಯಾರಿಕ್ ಡನ್‌ಮೋರ್ ತನ್ನ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ಯಾರನ್ನು ನಿಲ್ಲಿಸಿಕೊಳ್ಳಬೇಕೆಂದು ಹುಡುಕುತ್ತಿದ್ದ. ಸೋಸಿ ಸೋಸಿ ನಾಲ್ಕು ಹೆಸರು ಉಳಿದಿದ್ದವು. ನಾಲ್ವರ ಮನೆಗೂ ಲಾಯರುಗಳು ಕದ್ದು ಹೋಗುತ್ತಿದ್ದರು. ಪತ್ರಿಕೆಗಳಿಗಿಂತ ಮೊದಲು ಹುಳುಕು ಹುಡುಕುವುದು ಅವರ ಕೆಲಸ.

ಲೆನೋರ್‌ಗೆ ಆ ಸ್ಥಾನ ಬೇಕಿತ್ತು. ಈ ಹದಿನಾಲ್ಕು ತಿಂಗಳಲ್ಲಿ ಬೇಕು ಅನ್ನಿಸಿದ್ದು ಅದೊಂದೇ. ಏನಾದರೂ ಬೇಕು ಅನ್ನಿಸಿದ್ದೇ ಅವಳಿಗೆ ಆಶ್ಚರ್ಯವಾಗಿತ್ತು.

ರುಥಾನ್ ಪೆಲ್ ಎಂಬ ಆ ಲಾಯರು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ನೂರ ಎಂಬತ್ತನಾಲ್ಕು ಪ್ರಶ್ನೆ ಕೇಳಿದಳು. ಯಾವ ಮಾತ್ರೆ ನುಂಗುತ್ತೀರಿ, ಕೆಲಸದವರನ್ನು ಬೈದಿದ್ದೀರಾ, ನಿಮ್ಮನ್ನು ಕಂಡರೆ ಆಗದವರು ಯಾರು, ನಾಯಿಗೆ ಹೊಡೆದಿದ್ದೀರಾ.

"ನಾಯಿನೇ ಇವಳಿಗೆ ಹೊಡೆಯತ್ತೆ," ಎಂದಳು ಓಪಲ್ ಒಲೆಯ ಬಳಿಯಿಂದ.

ಎಲ್ಲ ಮುಗಿದ ಮೇಲೆ ರುಥಾನ್ ಪೆನ್ನಿನ ಮುಚ್ಚಳ ಹಾಕಿದಳು. ಮತ್ತೆ ತೆಗೆದಳು.

"ಇದು ಪಟ್ಟಿಯಲ್ಲಿರೋ ಪ್ರಶ್ನೆ ಅಲ್ಲ ಮೇಡಂ. ನಿಮ್ಮ ಯಜಮಾನರು ಎದುರು ಪಕ್ಷದವರು ಅಂತ ನೀವು ಎಲ್ಲೂ ಹೇಳಿಲ್ಲವಲ್ಲ?"

ಲೆನೋರ್ ನಕ್ಕಳು. "ವೆಂಡೆಲ್? ನನ್ನ ಹೆಸರಿನ ಟೋಪಿ ಹಾಕ್ಕೊಂಡೇ ಕುದುರೆ ಬಾಯಿಗೆ ಕೈ ಹಾಕ್ತಿದ್ದ." ವೆಂಡೆಲ್ ಕುದುರೆಗಳ ಹಲ್ಲಿನ ವೈದ್ಯನಾಗಿದ್ದ.

ರುಥಾನ್ ಒಂದು ಹಾಳೆಯನ್ನು ಮುಂದೆ ತಳ್ಳಿದಳು. ಜಿಲ್ಲಾ ಕಚೇರಿಯ ಮತದಾರರ ಪಟ್ಟಿ. ಯಾರು ಯಾರಿಗೆ ಮತ ಹಾಕಿದರು ಎಂಬುದು ಗುಟ್ಟು. ಯಾರು ಯಾವ ಪಕ್ಷದವರೆಂದು ಹೆಸರು ಬರೆಸಿದ್ದಾರೆ ಎಂಬುದನ್ನು ಮಾತ್ರ ಯಾರು ಬೇಕಾದರೂ ನೋಡಬಹುದು. ಒಂದು ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತ ಹಾಕಿ ಆರಿಸುವುದು ಆ ಪಕ್ಷಕ್ಕೆ ಹೆಸರು ಬರೆಸಿದವರು ಮಾತ್ರ. ಲೆನೋರ್ ಮೊದಲ ಸಲ ಗವರ್ನರ್ ಸ್ಥಾನಕ್ಕೆ ನಿಂತ ವರ್ಷಕ್ಕೆ ಹಿಂದಿನ ಡಿಸೆಂಬರ್ ಇಪ್ಪತ್ತೆಂಟರಂದು, ವೆಂಡೆಲ್ ಕಾಡಿಲ್ ತನ್ನ ಹೆಸರನ್ನು ಅವಳ ಪಕ್ಷದಿಂದ ತೆಗೆಸಿ ಎದುರು ಪಕ್ಷಕ್ಕೆ ಬರೆಸಿದ್ದ. ಸಾಯುವ ತನಕ ಅಲ್ಲೇ ಇದ್ದ.

"ನೀವು ನಿಂತ ವರ್ಷ ಮೇ ತಿಂಗಳಲ್ಲಿ ಎದುರು ಪಕ್ಷದೋರು ತಮ್ಮ ಅಭ್ಯರ್ಥಿನ ಆರಿಸಿದ್ರಲ್ಲ, ಆವಾಗ ಇವರು ಅಲ್ಲಿ ಹೋಗಿ ಮತ ಹಾಕಿದ್ದಾರೆ," ಎಂದಳು ರುಥಾನ್. "ಒಂದೋ ನಿಮಗೆ ಸುಲಭ ಆಗ್ಲಿ ಅಂತ ಅವರಲ್ಲಿ ಕೈಲಾಗದವನನ್ನ ಗೆಲ್ಲಿಸೋಕೆ ಹೋಗಿದ್ರು. ಹಾಗೆ ಮಾಡೋರು ಇದ್ದಾರೆ. ಇಲ್ಲಾ..."

"ಇಲ್ಲಾ?"

"ಇಲ್ಲಾ ನಿಜವಾಗ್ಲೂ ಅವರ ಕಡೆಯೋರು. ಯಾವುದು ಮೇಡಂ?"

ಲೆನೋರ್ ಹಾಳೆಯನ್ನೇ ನೋಡಿದಳು. ಮತ ಹಾಕಲು ಹೋದಾಗ ಹೆಸರಿನ ಎದುರು ಮಾಡಿದ್ದ ಸಹಿ ಅವನದೇ. ಕೊನೆಯ ಅಕ್ಷರದ ಬಾಲ ಗೆರೆಯಿಂದ ಕೆಳಗೆ ಇಳಿದಿತ್ತು, ಯಾವಾಗಲೂ ಇಳಿಯುವ ಹಾಗೆ.

"ಗೊತ್ತಿಲ್ಲ," ಎಂದಳು.

ರುಥಾನ್ ಹೊರಡುವಾಗ ಮೆಲ್ಲಗೆ ಹೇಳಿದಳು: "ಗುರುವಾರ ಫೋನ್ ಮಾಡ್ತಾರೆ. ಬೇಡವಾದೋರಿಗೆ ಮೊದಲು, ಬೇಕಾದೋರಿಗೆ ಕೊನೇಲಿ. ಹಾಗೆ ಮಾಡೋದೇ ರೂಢಿ. ಮಧ್ಯಾಹ್ನದೊಳಗೆ ಫೋನ್ ಬಂತು ಅಂದ್ರೆ ನೀವಲ್ಲ ಅಂತ ತಿಳ್ಕೊಳ್ಳಿ."

ಉಳಿದ ಎರಡು ದಿನ ಲೆನೋರ್ ನೆನಪುಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಪ್ರತಿಯೊಂದಕ್ಕೂ ಎರಡು ಮುಖವಿತ್ತು. ಅವಳ ಹೆಸರಿನ ಫಲಕಗಳನ್ನು ಬೆಳಗಿನ ಮಂಜಿನಲ್ಲಿ ಊರೆಲ್ಲ ನೆಟ್ಟು ಬಂದವನು ಅವನೇ. ಅವಳು ಗಣಿಯೊಂದನ್ನು ಮುಚ್ಚಿಸಿದಾಗ ಎರಡು ದಿನ ಮಾತಾಡದೆ ಕೂತವನೂ ಅವನೇ. ಆಗ ಹಲ್ಲುನೋವು ಅಂದಿದ್ದ. ಹಲ್ಲಿನ ವೈದ್ಯನಿಗೆ ಹಲ್ಲುನೋವು ಎಂದು ಅವಳು ನಕ್ಕಿದ್ದಳು. ಅವಳ ಭಾಷಣಗಳನ್ನು ಓದಿ ಯಾವಾಗಲೂ ಒಂದೇ ಮಾತು ಹೇಳುತ್ತಿದ್ದ: "ಚೆನ್ನಾಗಿದೆ. ಉದ್ದ ಆಯ್ತು." ಯಾವುದು ಚೆನ್ನಾಗಿತ್ತು ಎಂದು ಅವಳು ಕೇಳಿರಲಿಲ್ಲ.

ಹೆಸರು ಹಾಗೇ ಉಳಿದದ್ದು ಮರೆವಿನಿಂದಲೂ ಇರಬಹುದು. ಗ್ರಂಥಾಲಯದ ಪುಸ್ತಕ ವಾಪಸು ಮಾಡಿದವನಲ್ಲ ಅವನು.

"ಆ ಮೇ ತಿಂಗಳಲ್ಲಿ ಅವನನ್ನ ಮತ ಹಾಕೋಕೆ ಕರ್ಕೊಂಡು ಹೋಗಿದ್ದು ನೀವೇ ಅಲ್ವಾ?" ಎಂದು ಓಪಲ್‌ಳನ್ನು ಕೇಳಿದಳು.

"ನಾನೇ. ಚರ್ಚಿನ ಹಜಾರಕ್ಕೆ. ಅವನ ಟ್ರಕ್ಕು ಕೆಟ್ಟಿತ್ತು."

"ಹೊರಗೆ ಬಂದಾಗ ಹೇಗಿದ್ದ?"

ಓಪಲ್ ಹುರುಳಿಕಾಯಿಯ ನಾರು ತೆಗೆಯುತ್ತ ಯೋಚಿಸಿದಳು. "ಮತ ಹಾಕಿದೆ ಅಂತ ಅಂಟು ಚೀಟಿ ಕೊಡ್ತಾರಲ್ಲ, ಅದನ್ನ ನಾಯಿ ಕತ್ತಿನ ಪಟ್ಟಿಗೆ ಅಂಟಿಸಿದ."

"ನಗ್ತಾ?"

"ಅವನ ಮುಖ ನಿಂಗೊತ್ತಲ್ಲ. ನಕ್ಕರೂ ಹಾಗೇ, ಬಿಟ್ಟರೂ ಹಾಗೇ. ನಾನು ಹೆತ್ತೋಳು, ನಂಗೇ ತಿಳೀತಿರ್ಲಿಲ್ಲ."

ಗುರುವಾರ ಮಧ್ಯಾಹ್ನ ಕಳೆಯಿತು. ಫೋನು ಸುಮ್ಮನಿತ್ತು. ಓಪಲ್ ಟೊಮೇಟೊ ಹೆಚ್ಚಿ, ಬ್ರೆಡ್ಡಿನ ನಡುವೆ ಇಟ್ಟು ಕೊಟ್ಟಳು. ಲೆನೋರ್ ಅರ್ಧ ತಿಂದಳು. ಆಸೆ ಗಂಟೆಗಂಟೆಗೂ ಬೆಳೆಯುತ್ತಿತ್ತು. ಅದರ ಜೊತೆ ಇನ್ನೇನೋ ಬೆಳೆಯುತ್ತಿತ್ತು, ಅದು ಏನೆಂದು ತಿಳಿಯುತ್ತಿರಲಿಲ್ಲ.

ನಾಲ್ಕೂಕಾಲಿಗೆ ಫೋನು ಬಂತು.

"ಲೆನೋರ್! ಡನ್‌ಮೋರ್ ಮಾತಾಡ್ತಿರೋದು. ನೀನೇ ಕಣಮ್ಮ. ಬರ್ತೀಯಾ ನನ್ ಜೊತೆ?"

ಅವಳು ಗೋಡೆಗೆ ಒರಗಿದಳು. "ಬರ್ತೀನಿ ಸೆನೆಟರ್."

"ನಿಜ ಹೇಳ್ಳಾ? ನೀನು ನಾಲ್ಕನೇ ಜಾಗದಲ್ಲಿದ್ದೆ. ನಿನ್ನ ಗಂಡನ ವಿಷಯ ಕೇಳಿದ ಮೇಲೆ ಮೊದಲನೇದಕ್ಕೆ ಬಂದೆ. ಒಂದೇ ಮನೆ, ಎರಡು ಪಕ್ಷ, ಒಂದೇ ಹಾಸಿಗೆ! ಜನ ಇವತ್ತು ಇಂಥದ್ದಕ್ಕೇ ಬಾಯಿ ಬಿಡ್ಕೊಂಡು ಕಾಯ್ತಿದ್ದಾರೆ. ಶನಿವಾರದ ಸಭೇಲಿ ಹೇಳ್ತೀನಿ. ದಿನಾ ಬೆಳಗ್ಗೆ ಕಾಫಿ ಕುಡೀತಾ 'ನಿನ್ನ ಮತಕ್ಕೆ ನನ್ನ ಮತ ವಜಾ' ಅಂತ ಛೇಡಿಸ್ತಿದ್ದ ಅಂತ."

"ಹಾಗೆ ಅವನು ಅಂದಿಲ್ಲ."

"ಅನ್ನಬಹುದಿತ್ತಲ್ಲ?"

ಲೆನೋರ್ ಯೋಚಿಸಿದಳು. ವೆಂಡೆಲ್ ಅನ್ನಬಹುದಾಗಿದ್ದ ಮಾತೇ ಅದು. ಶನಿವಾರ ಇದನ್ನು ಹೇಳಿದರೆ ಭಾನುವಾರದಿಂದ ಅದೇ ನೆನಪಾಗಿಬಿಡುತ್ತದೆ, ನಾಯಿಯ ಕತ್ತಿನ ಚೀಟಿಯೂ ಗಣಿ ಮುಚ್ಚಿದಾಗಿನ ಆ ಎರಡು ದಿನವೂ ಉಳಿಯುವುದಿಲ್ಲ.

"ನಂಗೆ ಗೊತ್ತೇ ಇರ್ಲಿಲ್ಲ ಸೆನೆಟರ್. ಮಂಗಳವಾರ ನಿಮ್ಮ ಲಾಯರು ಹೇಳಿದ ಮೇಲೇ ತಿಳಿದದ್ದು."

"ಈಗ ಗೊತ್ತಲ್ಲ! ತಾರೀಕು ಒಂದು ಹಿಂದೆ ಮುಂದೆ, ಅಷ್ಟೇ."

"ಗೊತ್ತಿತ್ತು ಅಂತ ಹೇಳಕ್ಕಾಗಲ್ಲ. ಅವನು ಯಾರ ಕಡೆ ಅಂತಾನೂ ಹೇಳಕ್ಕಾಗಲ್ಲ. ಅದಕ್ಕೇ ನಾನು ನಿಮಗೆ ಬೇಡ ಅನ್ನಿಸಿದ್ರೆ ಬೇರೆಯವರನ್ನ ಕರೀರಿ."

ಸ್ಥಾನ ಕೈ ಜಾರಿತು ಎಂದುಕೊಂಡಳು.

"ಯಾರನ್ನ ಕರೀಲಿ?" ಡನ್‌ಮೋರ್‌ನ ಧ್ವನಿ ಈಗ ಸಣ್ಣದಾಗಿತ್ತು. "ಬೆಳಗ್ಗೆನೇ ಮೂವರಿಗೂ ಫೋನ್ ಮಾಡಿ ಬೇಡ ಅಂದಾಯ್ತು. ಒಬ್ಬ ಅತ್ತ. ಇನ್ನೊಬ್ಬ ಮಾತಿನ ಮಧ್ಯದಲ್ಲೇ ಫೋನ್ ಇಟ್ಟ."

"ಅಯ್ಯೋ."

"ಹೂಂ. ಹಾಗಾದ್ರೆ ನಿನ್ನ ಗಂಡನ ಬಗ್ಗೆ ಕೇಳಿದ್ರೆ ಏನ್ ಹೇಳ್ತೀಯಾ?"

"ಗೊತ್ತಿಲ್ಲ ಅಂತೀನಿ."

"ಗೊತ್ತಿಲ್ಲ ಅಂತ ಯಾರಾದ್ರೂ ಮೈಕಿನ ಮುಂದೆ ಹೇಳ್ತಾರೇನಮ್ಮಾ?" ಎಂದ ಅವನು. "ಶನಿವಾರ ಏಳಕ್ಕೆ ವಿಮಾನ ಬರುತ್ತೆ. ನಾನು ನೀಲಿ ಹಾಕ್ತೀನಿ, ನೀನು ಬೇರೆ ಬಣ್ಣ ಹಾಕು." ಫೋನು ಇಟ್ಟ.

ಲೆನೋರ್ ಬಂದು ಓಪಲ್‌ಳ ಎದುರು ಕುಳಿತಳು.

"ಆಯ್ತಾ ಇಲ್ವಾ?"

"ಆಯ್ತು ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ ಏನೇ? ಉಪಾಧ್ಯಕ್ಷೆ ಆಗೋಳು ಹೀಗಾ ಮಾತಾಡೋದು?" ಓಪಲ್ ಹುರುಳಿಕಾಯಿಯ ಬಟ್ಟಲನ್ನು ಅವಳ ಕಡೆ ಸರಿಸಿದಳು. ಒಂದು ಕಾಯಿಯ ನಾರು ತೆಗೆದು, ತಲೆ ಎತ್ತದೆ ಕೇಳಿದಳು: "ಆ ಲಾಯರಮ್ಮ ನನ್ನ ಹೆಸರು ಯಾವ ಪಟ್ಟೀಲಿದೆ ಅಂತ ನೋಡಿದ್ಲಾ?"

"ನೋಡಿರ್ತಾಳೆ. ಅದೇ ಹಾಳೇಲಿ ನಿಮ್ಮ ಹೆಸರೂ ಇತ್ತು."

"ಏನಿತ್ತು?"

"ನಾನು ನಿಮ್ಮ ಸಾಲಿಗೆ ಕೈ ಅಡ್ಡ ಇಟ್ಕೊಂಡು ಓದಿದೆ ಅತ್ತೆ," ಎಂದು ಲೆನೋರ್ ಒಂದು ಹುರುಳಿಕಾಯಿ ಎತ್ತಿಕೊಂಡು ನಾರು ಎಳೆಯತೊಡಗಿದಳು.